ಕಣ್ಣಿಲ್ಲದ ಬೆಳ್ಳಕ್ಕಿ

ಕಿನ್ನಾಳಕ್ಕ ನಾನು ಸೊಸಿಯಾಗಿ ಬಂದಾಗ ಕೊಪ್ಪಳ ಇನ್ನೂ ಹೊಸ ಜಿಲ್ಲಾ. ನಮ್ಮದು ಗೊಂಬಿ ಮಾಡೋ ಮನಿ. ಗಂಡಸರು ಕಟ್ಟಿಗಿ ಕೆತ್ತತಾರ. ಹೆಂಗಸರು ಹುಣಸಿ ಬೀಜ ಅರದು, ಅಂಟು ಕಾಸಿ, ಅದರಾಗ ಕಟ್ಟಿಗಿ ಹೊಟ್ಟು ಕಲಿಸಿ ಗೊಂಬಿ ಮೈಗೆ ಬಳೀತಾರ. ಅದೇ ನನ್ನ ಕೆಲಸ. ಅರದು ಅರದು ರಟ್ಟಿ ಬಿದ್ದು ಹೋಗತಿತ್ತು. ಗೊಂಬಿ ನೋಡಿದವರು ಯಾರು ಕೆತ್ತಿದ್ದು ಅಂತ ಕೇಳತಿದ್ದರೇ ಹೊರತು, ಯಾರು ಅರದಿದ್ದು ಅಂತ ಒಬ್ಬರೂ ಕೇಳಲಿಲ್ಲ. ನನಗ ಸಿಟ್ಟು ಬರತಿತ್ತು. ಈಗಲೂ ಬರತೈತಿ.

ನನ್ನ ತವರುಮನಿ ಗಂಗಾವತಿ ಹತ್ರದ ಮರಳಿ ಅನ್ನೋ ಹಳ್ಳಿ. ಅಲ್ಲಿ ನಾಟಿ ಹಚ್ಚೋ ದಿನದಾಗ ಕಾಲುವಿ ನೀರು ತುಂಬಿದ ಗದ್ದಿಯೊಳಗ ಬೆಳ್ಳಕ್ಕಿ ಸಾಲುಗಟ್ಟಿ ಕೂಡತಿದ್ದವು. ನಾವು ಬದುವಿನ ಮ್ಯಾಲ ಕಾಲಿಟ್ಟರ ಸಾಕು, ಎಲ್ಲಾ ಒಮ್ಮೆಗೇ ಏಳತಿದ್ದವು. ಆಗ ಹಕ್ಕಿ ಕಾಣತಿರಲಿಲ್ಲ, ಏಳೂದಷ್ಟೇ ಕಾಣತಿತ್ತು. ಅದು ನನ್ನ ತಲಿಯೊಳಗ ಕುಂತುಬಿಟ್ಟಿತ್ತು. ಆ ಏಳೂದನ್ನ ಮಾಡಬೇಕು, ಹಕ್ಕೀನ್ನಲ್ಲ.

ಮೊದಲು ಬೇಲಿ ತಂತಿ ಬಾಗಿಸಿ ಅಂಟು ಬಳದೆ. ಒಣಗಿದ ಮ್ಯಾಲ ತಂತಿ ಅಲುಗಿ, ಬಳದಿದ್ದೆಲ್ಲಾ ಹಪ್ಪಳದಂಗ ಉದುರಿತು. ನಮ್ಮನಿಯವರು ಹೊಟ್ಟಿ ಹಿಡಕೊಂಡು ನಕ್ಕರು. ನಗ್ರಿ, ನಗ್ರಿ ಅಂದುಕೊಂಡು ತಂತಿಗೆ ಗೋಣಿ ನಾರು ಸುತ್ತಿ ಮತ್ತ ಬಳದೆ. ನಿಂತಿತು. ಆದ್ರ ರೆಕ್ಕಿ, ಕೊಕ್ಕು, ಕಾಲು ಇಟ್ಟಷ್ಟೂ ಅದು ಭಾರ ಆತು. ಒಂದೊಂದಾಗಿ ಕಿತ್ತುಹಾಕಿದೆ. ಕಡೀಕ ಉಳಿದದ್ದು ನೆಲದಿಂದ ಎದ್ದು, ಒಂದು ಸುತ್ತು ವಾಲಿ, ಮ್ಯಾಲ ಹೋಗೋ ಒಂದೇ ಗೆರಿ. ಬುಡದಾಗ ದಪ್ಪ, ತುದಿಯೊಳಗ ದಾರದಷ್ಟು ಸಣ್ಣ. ಬಿಳೇ ಬಣ್ಣ ಹಚ್ಚಿ ಕಿಡಿಕ್ಯಾಗ ಇಟ್ಟೆ.

ಕೊಪ್ಪಳದಾಗ ನಡಿಯೋ ಪ್ರದರ್ಶನಕ್ಕ ಗೊಂಬಿ ಆರಸಾಕ ಬಂದ ಡ್ರಾಯಿಂಗ್ ಮಾಸ್ತರು ಅದನ್ನ ಕಂಡು ಭಾಳ ಹೊತ್ತು ನಿಂತರು. ಇದನ್ನ ಹಿಂಗೇ ತರ್ರಿ, ಏನೂ ಸೇರಸಬ್ಯಾಡ್ರಿ ಅಂದು ಹೋದರು. ಖುಷಿಗೆ ಆ ದಿನ ನನಗ ಊಟ ಸೇರಲಿಲ್ಲ. ನಾ ಮಾಡಿದ್ದು ಅಂತ ಒಂದಾದ್ರೂ ಈ ಮನಿಯಿಂದ ಹೊರಗ ಹೋಗಬೇಕು ಅನ್ನೋದಷ್ಟೇ ನನ್ನ ಆಸೆ.

ಆದ್ರ ನಮ್ಮ ಮನಿಯೊಳಗ ಒಂದು ಪದ್ಧತಿ ಐತಿ. ಗೊಂಬಿಗೆ ಕಣ್ಣು ಬರಿಯೋದು ಕಡೀ ಕೆಲಸ, ಅದು ನಮ್ಮತ್ತಿದು. ಕಣ್ಣು ಬರೀದ ಯಾವುದೂ ಹೊಸ್ತಿಲು ದಾಟೂದಿಲ್ಲ. ಬರದ ಕಣ್ಣನ್ನ ಅಳಸೂದೂ ಇಲ್ಲ. ನಾನು ಅಣ್ಣನ ಕೂಸಿನ ತೊಟ್ಟಿಲ ಕಾರ್ಯಕ್ಕಂತ ಮರಳಿಗೆ ಹೋಗಿ ಬರೂದ್ರಾಗ ನಮ್ಮತ್ತಿ ನನ್ನ ಗೆರಿಗೆ ಎರಡು ಕಣ್ಣು ಬರದಿದ್ದರು. ಎಷ್ಟು ಚಂದ ಅಂದ್ರ, ರೆಪ್ಪಿ ಸುದ್ದಾ ಇದ್ದವು. ಸೊಸಿ ಮಾಡಿದ್ದು ಕುರುಡಾಗಿ ಊರಿಗೆ ಹೋಗಬಾರದು ಅಂತ ಮುತುವರ್ಜಿಲೆ ಬರದಿದ್ದರು. ನೋಡಿದ್ದೇ ತಡ, ನನ್ನ ಎದಿ ಒಡದು ಹೋತು. ಏಳತಿದ್ದದ್ದು ಕುಂತುಕೊಂಡು ನನ್ನ ಮಾರಿ ನೋಡಾಕ ಹತ್ತಿತ್ತು. ಪಾತ್ರಿ ಕುಕ್ಕಿದೆ, ಬಾಗಲಾ ಬಡದೆ, ಕಣ್ಣೀರು ಹಾಕಿದೆ. ನಮ್ಮತ್ತಿಗೆ ತಪ್ಪು ಏನಾತು ಅಂತನೇ ತಿಳೀಲಿಲ್ಲ. ಅದನ್ನ ಗ್ವಾಡಿ ಗೂಡಿನ್ಯಾಗ ಎತ್ತಿಟ್ಟು, ಮಾರಿ ಸಣ್ಣದು ಮಾಡಿಕೊಂಡು ಕುಂತರು.

ಪ್ರದರ್ಶನಕ್ಕ ಒಂದು ವಾರ ಉಳಿದಿತ್ತು. ಹಟ ಹಿಡದು ಇನ್ನೊಂದು ಮಾಡಿದೆ. ಬಣ್ಣ ಒಣಗೋ ಹೊತ್ತಿಗೆ ನಮ್ಮತ್ತಿ ಕುಂಚ, ಕರಿ ಬಣ್ಣದ ಬಟ್ಟಲು ಹಿಡಕೊಂಡು ಬಂದು ಎದುರಿಗೆ ಕುಂತರು. ಬ್ಯಾಡ ಅಂದ್ರ ಅದು ಮನ್ಯಾಗೇ ಉಳೀತೈತಿ, ಹೂಂ ಅಂದ್ರ ನಂದಾಗಿ ಉಳಿಯೂದಿಲ್ಲ. ಅದನ್ನ ಅವರ ಮುಂದ ಸರಿಸಿದೆ.

"ಅತ್ತಿ, ಬರೀರಿ. ಆದ್ರ ಮೊದಲು ಕಣ್ಣು ಮುಚ್ಚಿ ಇದರ ಮ್ಯಾಲ ಬೆರಳು ಆಡಸ್ರಿ" ಅಂದೆ.

ಅವರು ಕುಂಚ ಕೆಳಗಿಟ್ಟು ಕಣ್ಣು ಮುಚ್ಚಿದರು. ಬೆರಳು ಬುಡದಿಂದ ಮೆಲ್ಲಕ ಹೊಂಟಿತು, ಸುತ್ತಿನ್ಯಾಗ ಜೋರು ಆತು, ತುದಿ ದಾಟಿತು. ದಾಟಿದ ಮ್ಯಾಲೂ ಕೈ ಗಾಳ್ಯಾಗ ಮ್ಯಾಲ ಹೋತು. ಬಳಿ ಮೊಣಕೈತನಕ ಜಾರಿದವು. ಅಷ್ಟು ಎತ್ತರಕ್ಕ ಅವರು ಕೈ ಎತ್ತಿದ್ದನ್ನ ನಾ ಯಾವತ್ತೂ ನೋಡಿದ್ದಿಲ್ಲ. ಕಣ್ಣು ತೆರದು ತಮ್ಮ ಕೈ ತಾವೇ ನೋಡಿಕೊಂಡರು. ಆಮ್ಯಾಲ ಕುಂಚ ನೀರಾಗ ಅದ್ದಿ ತೊಳದುಬಿಟ್ಟರು.

ಮರುದಿನ ಕೊಪ್ಪಳದ ಬಸ್ಸಿನ್ಯಾಗ ಅದನ್ನ ತಾವೇ ತೊಡಿ ಮ್ಯಾಲ ಹಿಡಕೊಂಡು ಕುಂತರು. ನನ್ನ ಕೈಯಾಗ ಕೊಡ್ರಿ ಅಂದ್ರ ಕೊಡಲಿಲ್ಲ. ಅರ್ಧ ದಾರಿಯೊಳಗ ನನ್ನ ಕಡೆ ವಾಲಿ, ಯಾರಿಗೂ ಕೇಳಿಸಬಾರದಂಗ ಕೇಳಿದರು.

"ಏನವಾ, ನಾಗರಪಂಚಮಿ ಜೋಕಾಲಿ ಮಾಡಾಕ ಬರತೈತೇನು? ಹಗ್ಗ, ಹಲಗಿ ಬ್ಯಾಡ. ಜೀಕಿದಾಗ ಹೊಟ್ಟಿಯೊಳಗ ಜುಂ ಅಂತೈತಲ್ಲ, ಅದು."

ಬರತೈತಿ ಅಂದೆ. ಹೆಂಗ ಬರತೈತಿ ಅಂತ ನನಗೂ ಗೊತ್ತಿರಲಿಲ್ಲ.