ಮೂರು ಸಾಲು ಅವರೆ

ಅಣ್ಣನ ಅಂಗಿಯ ಗುಂಡಿಗಳು ಯಾವತ್ತೂ ಒಂದು ಕಾಜ ತಪ್ಪಿಯೇ ಕೂತಿರುತ್ತಿದ್ದವು. ಕೊರಳಪಟ್ಟಿಯ ಒಂದು ಕಡೆ ಕಿವಿಯ ತನಕ ಏರಿ, ಇನ್ನೊಂದು ಕಡೆ ಜೋಲುತ್ತಿತ್ತು. ಅವ್ವ ಬಿಚ್ಚಿ ಸರಿಮಾಡಲು ಹೋದರೆ, "ನಾ ಸರಿಯಾಗೇ ಆಕ್ಕಂಡಿದ್ದೆ ಕಣವ್ವ, ಅಂಗಿನೇ ಸೊಟ್ಟ" ಎಂದು ನಗುತ್ತಿದ್ದ.

ಐವತ್ತರ ದಶಕದ ಮಾತು. ಕುದೇರಿನ ಹತ್ತಿರ ನಮ್ಮ ಹೊಲ. ಅಣ್ಣ ಒಂದನೇ ಕ್ಲಾಸಿನಲ್ಲೇ ಮೂರು ವರ್ಷ ಕೂತು ಎದ್ದು ಬಂದಿದ್ದ. ಬರೆದ ಅಕ್ಷರವೆಲ್ಲ ತಿರುಗಮುರುಗ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ಅವನೆದುರು ಪಂಡಿತೆ. ಅವನು ನೇಗಿಲು ಹಿಡಿದರೆ ಸಾಲು ಹಾವಿನಂತೆ ಹೊರಳುತ್ತಿತ್ತು. ಕುಡುಗೋಲು ಹಿಡಿದರೆ ಅವನ ಬೆರಳೇ ಮೊದಲು ಸಿಗುತ್ತಿತ್ತು. ಆದರೆ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ "ಇನ್ನೆರಡು ದಿನ ತಡಿಯಪ್ಪ" ಎಂದರೆ ಅಪ್ಪನೂ ಬಿತ್ತನೆ ಮುಂದೂಡುತ್ತಿದ್ದರು.

ಆ ವರ್ಷ ಅಪ್ಪ ಕಡೆಯ ಮಾತು ಹೇಳಿದರು: "ಅಕ್ಕಡಿ ಅವರೆನಾದ್ರೂ ನೆಟ್ಟಗೆ ಬುಡು. ಅದೂ ಆಗ್ನಿಲ್ಲ ಅಂದ್ರೆ ಕಾಡ್ ಮಗ್ಗುಲ ಮದ್ದೂರಿಗೋಗಿ ನಿಮ್ಮಾವನ ದನ ಕಾಯಿ ಕಣ್ಲಾ."

ರಾಗಿ ಬಿತ್ತುವ ಕೂರಿಗೆಯ ಹಿಂದೆ ಹಗ್ಗದಲ್ಲಿ ಒಂದು ಬಿದಿರು ಕೊಳವೆ ಕಟ್ಟಿರುತ್ತಾರೆ. ಅದನ್ನು ಹಿಡಿದು ನಡೆಯುತ್ತ, ರಾಗಿಯ ನಡುನಡುವೆ ಬರುವ ಅಕ್ಕಡಿ ಸಾಲಿಗೆ ಅವರೆಕಾಳು ಬಿಡಬೇಕು. ಅಣ್ಣ ಹತ್ತು ದಿನ ಅಂಗಳದಲ್ಲಿ ಹುಣಸೆಬೀಜ ಹಿಡಿದು "ಎಜ್ಜೆಗೊಂದು, ಎಜ್ಜೆಗೊಂದು" ಎಂದು ನಡೆದು ಕಲಿತ. ನಾನು ಅಣಕಿಸುತ್ತ ಅವನ ಹಿಂದೆ ನಡೆದೆ.

ಬಿತ್ತನೆಯ ದಿನ ಮಧ್ಯಾಹ್ನದ ತನಕ ಅವನ ಕೈ ತಪ್ಪಲಿಲ್ಲ. ಆಮೇಲೆ ಕಲ್ಲು ಎಡವಿ ಹೆಬ್ಬೆರಳಿನ ಉಗುರು ಕಿತ್ತುಬಂತು. "ಮೂರು ಸಾಲು ನೋಡ್ಕಮ್ಮಿ, ತೊಳ್ಕಂಡ್ ಬತ್ತೀನಿ. ಕೊಳವೆ ಬಾಯಿಗೆ ಮಣ್ಣು ಕಚ್ಕತದೆ, ಜ್ವಾಕೆ" ಎಂದು ನನ್ನ ಕೈಗಿತ್ತು ಕುಂಟುತ್ತ ಹೋದ. ಎತ್ತಿನ ಮೇಲೆ ಕಣ್ಣಿಟ್ಟಿದ್ದ ಅಪ್ಪ, ರಾಗಿ ಬಿಡುತ್ತಿದ್ದ ಅವ್ವ ಇಬ್ಬರೂ ಹಿಂದೆ ತಿರುಗಲಿಲ್ಲ. ನಾನು ದೂರದ ರಸ್ತೆಯಲ್ಲಿ ಸಂತೆಮರಹಳ್ಳಿ ಬಸ್ಸಿನ ಧೂಳು ನೋಡುತ್ತ ನಡೆದೆ. ಮೂರನೇ ಸಾಲಿನ ಕೊನೆಗೆ ನೋಡಿದರೆ ಬಾಯಿಗೆ ಮಣ್ಣು ಕಚ್ಚಿ ಕೊಳವೆಯ ತುಂಬ ಅವರೆ. ಒಂದು ಕಾಳೂ ನೆಲಕ್ಕೆ ಬಿದ್ದಿರಲಿಲ್ಲ. ಹೆದರಿ ಕಾಳನ್ನೆಲ್ಲ ಬೇಲಿಯ ಬುಡದಲ್ಲಿ ಹೂತು, ಅಣ್ಣ ಬಂದಾಗ ಖಾಲಿ ಕೊಳವೆ ಕೊಟ್ಟೆ.

ಪೈರು ಎದ್ದಾಗ ಆ ಮೂರು ಸಾಲು ಬರಿದು. "ಎಲ್ಲಲಾ ಅವರೆ? ನಿನ್ ಕೈಗೆ ಏನ್ ಕೊಟ್ರೂ ಇಷ್ಟೆ ಕಣ್ಲಾ!" ಎಂದು ಅಪ್ಪ ಕೂಗಿದರು. ಅಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಊಂ ಕಣಪ್ಪ, ತಪ್ಪೋಯ್ತು" ಎಂದ.

ಸಂಜೆ ಬೇಲಿಯ ಹತ್ತಿರ ಹೋದರೆ ಅವನು ಅಲ್ಲಿ ಕೂತಿದ್ದ. ಹೂತ ಕಾಳು ಒತ್ತೊತ್ತಾಗಿ ಮೊಳೆತು ನಿಂತಿತ್ತು. ಅಪ್ಪನ ಕಣ್ಣಿಗೆ ಬೀಳುವ ಮೊದಲೇ ಒಂದೊಂದೇ ಸಸಿ ಕಿತ್ತು ಎತ್ತಿಗೆ ತಿನ್ನಿಸುತ್ತಿದ್ದ.

"ಬುಡು ಕಣಮ್ಮಿ, ಅಳ್ಬೇಡ. ಬೈಸ್ಕಳದು ನಂಗೆ ರೂಢಿ. ನಿಂಗಿಲ್ಲ."

ಮುಂದಿನ ವಾರ ಮದ್ದೂರಿಗೆ ಹೋದವನು ಮಾವನ ದನಗಳ ಹಿಂದೆ ಕಾಡಂಚಿನಲ್ಲೇ ಆಯುಷ್ಯ ಕಳೆದ. ಅಪ್ಪನಿಗೆ ನಿಜ ಹೇಳಬಹುದಿತ್ತು. ಮೊದಲು ಏಟಿಗೆ ಹೆದರಿದೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂದು ಹೆದರಿದೆ.

ಕೆಲವು ಮಕ್ಕಳಿಗೆ ಅಕ್ಷರ ಅದಲುಬದಲಾಗುತ್ತದೆ, ಕೈಕಾಲು ಹೇಳಿದಂತೆ ಕೇಳುವುದಿಲ್ಲ, ಅದು ದಡ್ಡತನವಲ್ಲ ಎಂದು ಮೊನ್ನೆ ಮೊಮ್ಮಗನ ಮೇಷ್ಟರು ಹೇಳಿದರು. ಅದು ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಆ ಮೂರು ಸಾಲು ಯಾರದೆಂದು ಗೊತ್ತಿತ್ತು.

ಅಣ್ಣನನ್ನು ಮಣ್ಣು ಮಾಡಿದ ದಿನ ನೆಂಟರೊಬ್ಬರು, "ಪಾಪ, ಅವರೆಕಾಳು ಬುಡೋಕೂ ಬರ್ತಿರ್ನಿಲ್ಲ ಅವುನ್ಗೆ" ಎಂದರು. ನಾನೂ ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿ ಬಂದೆ.