ಐವತ್ತೈದರ ಹುಡುಗಿಗೆ ಕೆಂಪು ಅನ್ನ

ಫುಸಾಎ ಅಕ್ಕನ ತೋಫು ಅಂಗಡಿಯ ಮುಂದೆ ಬೆಳಿಗ್ಗೆ ಏಳಕ್ಕೇ ಹೆಂಗಸರ ಸಾಲು ನಿಲ್ಲುತ್ತಿತ್ತು, ಕೈಯಲ್ಲೊಂದೊಂದು ಪಾತ್ರೆ ಹಿಡಿದು. ತೋಫುವಿಗಲ್ಲ, ಹಾಲಿಗೆ. ನೆನೆಸಿದ ಸೋಯಾ ಕಾಳು ರುಬ್ಬಿ, ಕುದಿಸಿ, ಬಟ್ಟೆಯಲ್ಲಿ ಹಿಂಡಿದ ಬಿಸಿ ಹಾಲು. ಸಮುದ್ರದ ಕಹಿನೀರು ಹಾಕಿ ಪನೀರಿನಂತೆ ಹೆಪ್ಪುಗಟ್ಟಿಸಿ ತೋಫು ಮಾಡುವ ಮೊದಲೇ ಅವಳು ಒಂದು ಪಾಲು ಎತ್ತಿಡುತ್ತಿದ್ದಳು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಕುದಿಯುವುದು, ನಿದ್ದೆ ಕೆಡುವುದು ಇದರಿಂದ ತಗ್ಗುತ್ತದೆಂದು ಅವಳ ನಂಬಿಕೆ. ಆ ವರ್ಷ ಟಿವಿಯಲ್ಲೂ ಹೇಳಿದರು, ಸೋಯಾದಲ್ಲಿ ಹೆಣ್ಣಿನ ಹಾರ್ಮೋನನ್ನು ಹೋಲುವ ಅಂಶವಿದೆಯೆಂದು. ಮೊದಲೇ ಮಾತಿನ ಮಲ್ಲಿ. ಟಿವಿಯವರೂ ಜೊತೆಗೆ ಸೇರಿದ ಮೇಲೆ ಇಡೀ ಸಾದೋ ದ್ವೀಪದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ.

ಅವಳು ಕೆಟ್ಟವಳಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಮೀನಿಗೆಂದು ಹೋದ ಗಂಡ ಮರಳಿ ಬರದಿದ್ದಾಗ ಅವಳಿಗೆ ಇಪ್ಪತ್ತೊಂಬತ್ತು. ಅಂದಿನಿಂದ ಮಾವನ ಅಂಗಡಿಯನ್ನು ಒಬ್ಬಳೇ ನಡೆಸಿದಳು. ತನ್ನ ಮುಟ್ಟು ನಿಲ್ಲುವ ಕಾಲಕ್ಕೆ ಹೇಗಿದ್ದೀಯೆಂದು ಕೇಳುವವರಿಲ್ಲದೆ, ತೋಫು ತೇಲಿಬಿಡುವ ತಣ್ಣೀರಿನ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಅದ್ದಿಕೊಂಡು ಅಳುತ್ತಿದ್ದಳಂತೆ. ಇನ್ನೊಬ್ಬರು ಹಾಗೆ ಅಳಬಾರದೆಂದೇ ಹಾಲು ಕೊಡುತ್ತಿದ್ದಳು.

ಅವಳ ಜೀವದ ಗೆಳತಿ ಕಿನುಯೋ ಎದುರು ಸಾಲಿನಲ್ಲಿ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಬಗ್ಗಿದರೆ ಸಾಕು, ಗಿರಾಕಿಯ ಕತ್ತಿನ ಮೇಲೆ ಇವಳ ಬೆವರು ತೊಟ್ಟಿಕ್ಕುತ್ತಿತ್ತು. "ತಲೆ ತೊಳೆಯೋಕೆ ನಿನ್ನಂಗಡೀಲಿ ನಲ್ಲೀನೇ ಬೇಡ ಕಣೇ," ಎಂದು ಕಿಚಾಯಿಸುತ್ತಲೇ ಫುಸಾಎ ಅವಳಿಗೆ ದಿನಾ ಎರಡು ಲೋಟ ಕುಡಿಸಿದಳು. ಚಳಿಗಾಲ ಕಳೆಯುವಷ್ಟರಲ್ಲಿ ಬೆವರು ನಿಜಕ್ಕೂ ತಗ್ಗಿತು. ಹಾಲಿನಿಂದಲೋ, ತಾನಾಗಿಯೋ, ನನಗೆ ಗೊತ್ತಿಲ್ಲ.

ಏಪ್ರಿಲ್‌ನ ಒಂದು ಬೆಳಿಗ್ಗೆ ಕಿನುಯೋ ಅಂಗಡಿಯೊಳಗೇ ನುಗ್ಗಿ ಬಂದು ಪಿಸುಗುಟ್ಟಿದಳು. ಮೂರು ವರ್ಷದ ಹಿಂದೆ ನಿಂತ ಮುಟ್ಟು ಮತ್ತೆ ಬಂದಿತ್ತು.

"ನೋಡಿದ್ಯಾ ನನ್ನ ಹಾಲು!" ಫುಸಾಎ ತೊಡೆ ತಟ್ಟಿ ಕುಣಿದಳು. "ಮುದುಕಿ ಮತ್ತೆ ಹುಡುಗಿ ಆದ್ಲಲ್ಲೇ!"

ನಾನು ಅಲ್ಲೇ ತೋಫು ಕಟ್ಟಿಸಿಕೊಳ್ಳುತ್ತಿದ್ದೆ. ನನ್ನ ಅಮ್ಮ ಊರಿನ ಸೂಲಗಿತ್ತಿಯಾಗಿದ್ದವಳು. ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೆ ಅದು ಮುಟ್ಟಲ್ಲ ಎಂದು ಅವಳು ಹೇಳುತ್ತಿದ್ದುದನ್ನು ಎಷ್ಟೋ ಸಲ ಕೇಳಿದ್ದೆ.

"ಕಿನುಯೋ ಅಕ್ಕ, ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬನ್ನಿ."

"ಏನಂತ ತೋರಿಸ್ಲಿ? ಹರೆಯ ಬಂದಿದೆ, ಔಷಧಿ ಕೊಡಿ ಅಂತಲಾ?"

"ಸೂಲಗಿತ್ತಿ ಮಗಳಿಗೆ ಹೊಟ್ಟೆಕಿಚ್ಚು, ಬಿಡೇ," ಎಂದಳು ಫುಸಾಎ.

ನಮ್ಮಲ್ಲಿ ಹುಡುಗಿ ಮೈನೆರೆದರೆ ಮನೆಯಲ್ಲಿ ಕೆಂಪು ಅನ್ನ ಮಾಡುತ್ತಾರೆ. ಅಂಟಕ್ಕಿಗೆ ಕೆಂಪು ಕಾಳು ಸೇರಿಸಿ ಹಬೆಯಲ್ಲಿ ಬೇಯಿಸಿ, ಮೇಲೆ ಎಳ್ಳು, ಉಪ್ಪು ಉದುರಿಸುವುದು. ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅನ್ನ ನೋಡಿದರೆ ಗೊತ್ತಾಗುತ್ತದೆ. ಆ ಭಾನುವಾರ ಫುಸಾಎ ತನ್ನ ಗೆಳತಿಗೆ ಅದನ್ನೇ ಮಾಡಿ ನಮ್ಮನ್ನೆಲ್ಲ ಕರೆದಳು. ನಗುವೋ ನಗು. ಕಿನುಯೋ ಮಾತ್ರ ಬಟ್ಟಲು ಹಿಡಿದು ಕಣ್ಣೊರೆಸಿಕೊಂಡಳು. "ನಮ್ಮ ಮಲತಾಯಿ ನಂಗೆ ಇದನ್ನ ಮಾಡ್ಲೇ ಇಲ್ಲ," ಅಂದಳು.

ಆ ಮುಖ ನೋಡಿ ನನ್ನ ಬಾಯಿ ಕಟ್ಟಿಹೋಯಿತು. ನಾನೂ ತಿಂದೆ. ಎರಡನೇ ಸಲ ಬಡಿಸಿಕೊಂಡೂ ತಿಂದೆ, ನನ್ನ ಬಾಯಿಗಷ್ಟು ಮಣ್ಣು ಹಾಕ!

ಆಮೇಲೆ ಅದು ತಿಂಗಳಿಗೊಮ್ಮೆ ಬರಲಿಲ್ಲ, ಬೇಕಾದಾಗ ಬಂತು, ಬಂದರೆ ನಿಲ್ಲಲಿಲ್ಲ. ಕಿನುಯೋ ಬಿಳಿ ಏಪ್ರನ್ ಬಿಟ್ಟು ಕಪ್ಪು ಕಟ್ಟತೊಡಗಿದಳು. "ಹೊಸದ್ರಲ್ಲಿ ಹುಡುಗೀರಿಗೂ ಹಿಂದೆ ಮುಂದೆ ಆಗುತ್ತಪ್ಪ," ಎಂದು ಫುಸಾಎ ಎರಡು ಲೋಟವನ್ನು ಮೂರು ಮಾಡಿದಳು. ಕಿನುಯೋ ಮೂರನ್ನೂ ಕುಡಿದಳು. ದಿನದಿನಕ್ಕೆ ಅವಳ ತುಟಿ ಬಿಳಿಚಿಕೊಳ್ಳುತ್ತಿತ್ತು. ನಾನು ಇನ್ನೊಮ್ಮೆ ಡಾಕ್ಟರ ಮಾತೆತ್ತಿದಾಗ ಫುಸಾಎ ನನ್ನ ಪಾತ್ರೆಗೆ ಹಾಲು ಹಾಕದೆ ಮುಂದಿನವಳನ್ನು ಕರೆದಳು.

ಸೆಪ್ಟೆಂಬರ್‌ನಲ್ಲಿ ಕಿನುಯೋ ಕತ್ತರಿ ಹಿಡಿದಂತೆಯೇ ಕುಸಿದು ಬಿದ್ದಳು. ಫುಸಾಎ ಅಂಗಡಿ ಮುಚ್ಚಿದಳು, ಹಬ್ಬಕ್ಕೂ ಮುಚ್ಚಿದವಳಲ್ಲ. ಹಡಗು ಹತ್ತಿ ಆಚೆ ದಡದ ದೊಡ್ಡ ಆಸ್ಪತ್ರೆಗೆ ಅವಳನ್ನು ಕರೆದೊಯ್ಯುವಾಗ ನಾನೂ ಹೋದೆ. ಗರ್ಭಕೋಶದಲ್ಲಿ ಕ್ಯಾನ್ಸರ್. ಆಗಲೇ ಶ್ವಾಸಕೋಶಕ್ಕೂ ಹರಡಿತ್ತು.

"ನನ್ನ ಹಾಲಿಂದಾನಾ ಡಾಕ್ಟ್ರೇ?" ಫುಸಾಎ ಕೇಳಿದಳು.

"ಹಾಲಿಂದ ಅಂತ ನಾನು ಹೇಳಲ್ಲಮ್ಮ," ಅಂದರು ಆ ಡಾಕ್ಟರಮ್ಮ. "ಆದ್ರೆ ಮೊದಲ ಸಲ ರಕ್ತ ಕಂಡಾಗ್ಲೇ ಬಂದಿದ್ರೆ, ಬಹುಶಃ ಗರ್ಭಕೋಶ ತೆಗೆದು ಮನೆಗೆ ಕಳಿಸ್ತಿದ್ವಿ." ಆಮೇಲೆ ಹಾಸಿಗೆಯತ್ತ ತಿರುಗಿದರು. "ಐದು ತಿಂಗಳು ಯಾಕಮ್ಮ ಸುಮ್ನಿದ್ರಿ? ಒಂದ್ಸಲಾನೂ ಅನುಮಾನ ಬರ್ಲಿಲ್ವಾ?"

ಕಿನುಯೋ ಫುಸಾಎಯ ಕೈ ಹಿಡಿದುಕೊಂಡಳು.

"ಅನುಮಾನ ಜೂನ್‌ನಲ್ಲೇ ಬಂದಿತ್ತು ಡಾಕ್ಟ್ರೇ," ಅಂದಳು. "ಇವಳು ಅಷ್ಟು ಖುಷಿಯಾಗಿದ್ಲಲ್ಲ, ಹೇಗೆ ಹೇಳ್ಲಿ?"