ಕಿಟಕಿಯ ಎರಡನೇ ಸರಳು

ಆಗೆಲ್ಲ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನಾವು ಮಕ್ಕಳು ಮಗ್ಗದ ಸದ್ದಿಗೆ ಮಲಗಿ, ಸದ್ದು ನಿಂತರೆ ಎಚ್ಚರಾಗುತ್ತಿದ್ದೆವು. ಸಾಲು ಮನೆಗಳಲ್ಲೆಲ್ಲ ಪವರ್‌ಲೂಮು. ಕರೆಂಟು ಹೋದಾಗ ಬಿಟ್ಟರೆ ಅವೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದದ್ದು ವರ್ಷಕ್ಕೊಂದು ಸಲ, ಆಯುಧಪೂಜೆಗೆ. ಅವತ್ತು ಪಕ್ಕದ ಮನೆಯ ಒಗ್ಗರಣೆಯ ಚಟಪಟ ಕೂಡ ಕೇಳಿಸುತ್ತಿತ್ತು. ಬೇರೆ ಮಕ್ಕಳಿಗೆ ಆಯುಧಪೂಜೆ ಅಂದರೆ ಕಡ್ಲೆಪುರಿ, ಒಬ್ಬಟ್ಟು. ನನಗೂ ಹತ್ತನೇ ವಯಸ್ಸಿನವರೆಗೆ ಹಾಗೇ ಇತ್ತು.

ನಮ್ಮ ಮನೆಯಲ್ಲಿ ಮಗ್ಗವಿರಲಿಲ್ಲ. ಅಪ್ಪ ಮಗ್ಗ ರಿಪೇರಿ ಮಾಡುತ್ತಿದ್ದರು. ಹಿತ್ತಲಲ್ಲಿ ಶೀಟು ಹೊದಿಸಿದ ಒಂದು ಶೆಡ್ಡು, ಅದೇ ಅವರ ಕಾರ್ಖಾನೆ. ಒಳಗೆ ಕಾಲಿಟ್ಟರೆ ಸೀಮೆಎಣ್ಣೆ, ಗ್ರೀಸು, ಉಜ್ಜಿದ ಕಬ್ಬಿಣದ ವಾಸನೆ. ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡಿ ಸವೆದುಹೋದ ಲಾಳಿಗಳನ್ನು ನನಗೆ ಕೊಡುತ್ತಿದ್ದರು. ನಾನು ಅವನ್ನು ದಾರದಲ್ಲಿ ಕಟ್ಟಿ ಅಂಗಳದಿಂದ ಬೆಂಗಳೂರಿಗೆ ರೈಲು ಬಿಡುತ್ತಿದ್ದೆ.

ಆ ಶೆಡ್ಡಿನಷ್ಟು ಅಧ್ವಾನದ ಜಾಗ ನಮ್ಮ ಬೀದಿಯಲ್ಲೇ ಇರಲಿಲ್ಲ. ಸ್ಪ್ಯಾನರುಗಳು ಕಿಟಕಿಯ ಸರಳುಗಳಿಗೆ ನೇತಾಡುತ್ತಿದ್ದವು. ನಟ್ಟುಗಳು ತೆಂಗಿನ ಚಿಪ್ಪಿನಲ್ಲಿ, ಬೋಲ್ಟುಗಳು ಬಾಯಿ ಒಡೆದ ಮಡಕೆಯಲ್ಲಿ. ಉಳಿ ಒಂದು ಮೂಲೆಗಿದ್ದರೆ ಅದರ ಸುತ್ತಿಗೆ ಇನ್ನೊಂದು ಮೂಲೆಗೆ. ಅಲ್ಲಿ ಆನೆ ಕಳೆದುಹೋದರೂ ಸಿಗುವುದಿಲ್ಲ ಅಂತ ಅಮ್ಮ ರೇಗಿಸುತ್ತಿದ್ದಳು. ಆದರೆ ಅಪ್ಪ ಏನನ್ನಾದರೂ ಹುಡುಕಿದ್ದನ್ನು ನಾನು ಕಂಡೇ ಇಲ್ಲ. ಮಾತಾಡುತ್ತಲೇ ಕೈ ಚಾಚಿದರೆ ಬೇಕಾದ್ದು ಕೈಗೆ ಬರುತ್ತಿತ್ತು.

ಇನ್ನೂ ಕೆಲವು ಸಂಗತಿಗಳಿದ್ದವು. ಡಬ್ಬದ ಮುಚ್ಚಳ ತೆಗೆದು ಮೂಸುತ್ತಿದ್ದರು. ನಟ್ಟನ್ನು ಹೆಬ್ಬೆರಳಿಗೆ ಒತ್ತಿ ಅಳತೆ ಹೇಳುತ್ತಿದ್ದರು. ಮಗ್ಗದ ಮನೆಗೆ ಕರೆದರೆ, ಕೆಟ್ಟ ಭಾಗ ಬಿಚ್ಚಿ ಇಲ್ಲಿಗೇ ತನ್ನಿ ಅನ್ನುತ್ತಿದ್ದರು. ಪೇಪರನ್ನು ನನ್ನ ಕೈಲಿ ಓದಿಸುತ್ತಿದ್ದರು, ನಿನ್ನ ಕನ್ನಡ ಸುಧಾರಿಸಲಿ ಅಂತ. ನನ್ನ ಕನ್ನಡವೇನೋ ಸುಧಾರಿಸಿತು, ಬುದ್ಧಿಗೆ ಮಾತ್ರ ಏನೂ ಹೊಳೆಯಲಿಲ್ಲ.

ನನಗೆ ಹತ್ತಾದ ಆ ವರ್ಷ ಪೂಜೆಯ ಬೆಳಿಗ್ಗೆ ಅಪ್ಪ, ಅಮ್ಮ ಬೂದುಗುಂಬಳಕಾಯಿ, ಬಾಳೆಕಂದು ತರಲು ಪೇಟೆಗೆ ಹೋದರು. ಪ್ರತಿ ವರ್ಷ ಸಾಮಾನು ಒರೆಸಿಡುವುದು ಅಪ್ಪನೇ, ಬೇರೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಈ ಸಲ ನಾನೇ ಮಾಡಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು ಅನ್ನಿಸಿತು. ಬಸ್‌ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ತೂಗುಹಾಕಿದ್ದನ್ನು ನೋಡಿದ್ದೆ. ಹಾಗೇ ಒಂದು ಹಲಗೆಗೆ ಮೊಳೆ ಹೊಡೆದೆ, ಹೆಬ್ಬೆರಳಿಗೂ ಒಂದೇಟು ಬಿತ್ತು. ಕಿಟಕಿಯ ಸ್ಪ್ಯಾನರುಗಳನ್ನೆಲ್ಲ ತೆಗೆದು ಅದಕ್ಕೆ ತೂಗುಹಾಕಿದೆ. ಚಿಪ್ಪು, ಮಡಕೆಗಳನ್ನು ತಿಪ್ಪೆಗೆಸೆದೆ. ಅಮ್ಮ ಕೂಡಿಟ್ಟಿದ್ದ ಒಂದೇ ಅಳತೆಯ ಡಬ್ಬಗಳಿಗೆ ಎಲ್ಲವನ್ನೂ ತುಂಬಿದೆ. ನೋಟ್‌ಬುಕ್ಕಿನ ಹಾಳೆ ಕತ್ತರಿಸಿ, ಮೈದಾ ಅಂಟು ಕಾಯಿಸಿ, ಚೀಟಿ ಅಂಟಿಸಿದೆ: ನಟ್ಟು ದೊಡ್ಡದು, ನಟ್ಟು ಸಣ್ಣದು, ವಾಷರು. ಹಲಗೆಯ ಮೇಲೂ ಒಂದೊಂದು ಸ್ಪ್ಯಾನರಿನ ನಂಬರು ಬರೆದೆ. ಅಕ್ಷರಗಳು ಗುಂಡಗೆ ಬಂದಿದ್ದವು. ಎಲ್ಲದಕ್ಕೂ ಒಂದೊಂದು ಕುಂಕುಮದ ಬೊಟ್ಟು ಇಟ್ಟೆ.

ಪೇಟೆಯಿಂದ ಬಂದ ಅಪ್ಪ ಶೆಡ್ಡಿನ ಬಾಗಿಲಲ್ಲೇ ನಿಂತರು. ಈಗ ಇದು ಮನುಷ್ಯರ ಜಾಗ ಆಯಿತು ಅಂತ ಅಮ್ಮ ಹಿಗ್ಗಿದಳು. ಅಪ್ಪ ಒಂದೊಂದು ಡಬ್ಬವನ್ನೂ ಸವರುತ್ತ ಗೋಡೆಯುದ್ದಕ್ಕೂ ನಡೆದರು.

"ಚೆನ್ನಾಗ್ ಮಾಡಿದೀಯ ಕಣವ್ವ" ಅಂದರು.

ಅವತ್ತು ಅವರು ಒಬ್ಬಟ್ಟು ಮುಟ್ಟಲಿಲ್ಲ. ಬಿಸಿಲಲ್ಲಿ ತಿರುಗಿ ತಲೆನೋವು ಬಂದಿದೆ ಅಂದರು. ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನ ವಿಜಯದಶಮಿಗೆ ಕೆಲಸ ಶುರುಮಾಡುವವರೆಗೆ ಮುಟ್ಟುವಂತಿಲ್ಲ. ಆ ಶಾಸ್ತ್ರವೊಂದು ಇಲ್ಲದಿದ್ದರೆ ಅಪ್ಪ ಸಂಜೆಯೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿಕೊಂಡುಬಿಡುತ್ತಿದ್ದರೋ ಏನೋ.

ಮಾರನೆಯ ಬೆಳಿಗ್ಗೆ ಬೀದಿಯ ಮಗ್ಗಗಳೆಲ್ಲ ಮತ್ತೆ ಶುರುವಾದವು. ಎದುರು ಸಾಲಿನ ನೇಕಾರ ರಂಗಪ್ಪ ಮಾತ್ರ ಕೈಯಲ್ಲೊಂದು ಬಿಡಿಭಾಗ ಹಿಡಿದು ಓಡಿ ಬಂದರು. ಮುಹೂರ್ತಕ್ಕೆ ಮಗ್ಗ ಏಳುತ್ತಿಲ್ಲ, ಬೇಗ ನೋಡು ಗುರು, ಅಂದರು. ಅಪ್ಪ ಅವರ ಹಬ್ಬ ವಿಚಾರಿಸುತ್ತಲೇ ರೂಢಿಯಂತೆ ಕಿಟಕಿಯ ಎರಡನೇ ಸರಳಿಗೆ ಕೈ ಹಾಕಿದರು. ಹದಿನಾಲ್ಕರ ಸ್ಪ್ಯಾನರು ಯಾವಾಗಲೂ ಇರುತ್ತಿದ್ದದ್ದು ಅಲ್ಲಿ. ಕೈಗೆ ಏನೂ ಸಿಗಲಿಲ್ಲ. ಮೂರನೇ ಸರಳು ತಡವಿದರು. ಬೆಂಚು ತಡವಿದರು. ಒಂದು ಡಬ್ಬ ಉರುಳಿ ನಟ್ಟುಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬಂತು.

"ಅಪ್ಪಾ, ನಿಮ್ ಮುಂದೇನೇ ಇದೆಯಲ್ಲ. ಬರ್ದಿದೀನಲ್ಲ, ಓದಿ."

ಅಪ್ಪ ನನ್ನತ್ತ ತಿರುಗಿದರು. ನನ್ನ ಮುಖ ನೋಡಲಿಲ್ಲ, ನನ್ನ ಪಕ್ಕದ ಬಾಗಿಲ ಕಂಬವನ್ನು ನೋಡಿದರು. ಅವರು ನನ್ನನ್ನು ಕಂಬದಲ್ಲಿ ಹುಡುಕುತ್ತಿದ್ದಾರೆ ಅಂತ ಆಗ ತಿಳಿಯಿತು. ರಂಗಪ್ಪನೂ ನೋಡಿದರು.

"ಯಾವಾಗಿಂದಪ್ಪಾ?" ಅಂದರು, ಮೆಲ್ಲಗೆ.

"ಎರಡ್ ವರ್ಷ ಆಯ್ತು. ಕಣ್ಣಿನ ನರ ಒಣಗ್ತಾ ಐತಂತೆ."

ಅಮ್ಮನಿಗೂ ಹೇಳಿರಲಿಲ್ಲ. ರಂಗಪ್ಪ ಕೆಟ್ಟವರಲ್ಲ, ಬೇಕೆಂದೇ ಹೇಳಿಕೊಂಡು ತಿರುಗಲಿಲ್ಲ. ಆದರೆ ನೇಕಾರರ ಬೀದಿಯಲ್ಲಿ ಮಾತು ಲಾಳಿಗಿಂತ ಬೇಗ ಓಡುತ್ತದೆ. ಕಣ್ಣಿಲ್ಲದವನ ಕೈಗೆ ಮಗ್ಗ ಒಪ್ಪಿಸುವವರು ಯಾರು? ದೀಪಾವಳಿಯ ಹೊತ್ತಿಗೆ ನಮ್ಮ ಹಿತ್ತಲಿಗೆ ಬರುವವರೇ ಇಲ್ಲವಾದರು. ಅವರದು ತಪ್ಪು ಅನ್ನಲಾರೆ. ತಪ್ಪು ನನ್ನದು.

ವಿಜಯದಶಮಿಯ ಆ ಮಧ್ಯಾಹ್ನ ನಾನು ಒಗೆಯುವ ಕಲ್ಲಿನ ಮರೆಯಲ್ಲಿ ಅಳುತ್ತ ಕೂತಿದ್ದೆ. ಅಪ್ಪ ಗೋಡೆ ಹಿಡಿದು ಬಂದು, ಬಾ, ಮತ್ತೆ ಜೋಡಿಸೋಣ ಅಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತುಕೊಂಡಿರುತ್ತಿರಲಿಲ್ಲವೇನೋ. ತಿಪ್ಪೆಯಿಂದ ಚಿಪ್ಪು, ಮಡಕೆ ಆಯ್ದು ತಂದೆ. ಅಪ್ಪ ಸ್ಟೂಲಿನ ಮೇಲೆ ಕೂತರು. ತಪ್ಪಾಯ್ತಪ್ಪ ಅನ್ನಬೇಕು ಅಂತ ಬಾಯಿ ತೆರೆದರೆ ಬರುತ್ತಿದ್ದದ್ದು ಒಂದೇ ಮಾತು.

"ಇದೆಲ್ಲಿಡ್ಲಪ್ಪ?"

"ಯಾವ್ದವ್ವ ಅದು?"

"ಹದಿನಾಲ್ಕರ ಸ್ಪ್ಯಾನರು."

"ಕಿಟಕಿ ಎರಡ್ನೇ ಸರಳು. ಕೈ ತಾಕಿದ್ರೆ ಟಣ್ ಅನ್ಬೇಕು."

ನಾನು ಅಧ್ವಾನ ಅಂದುಕೊಂಡಿದ್ದಕ್ಕೆಲ್ಲ ಒಂದೊಂದು ಕಾರಣವಿತ್ತು. ಬೋಲ್ಟುಗಳಿಗೆ ಗುರುತು ಮಡಕೆಯ ಒಡೆದ ಬಾಯಿ, ನಟ್ಟುಗಳಿಗೆ ಚಿಪ್ಪಿನ ನಾರು. ಸುತ್ತಿಗೆಗೆ ಹೋದ ಕೈಗೆ ಉಳಿ ಕೊಯ್ಯಬಾರದು ಅಂತ ಅವೆರಡೂ ದೂರ ದೂರ. ಮೂರು ದಿನ ಹಿಡಿಯಿತು. ಕೊನೆಗೆ ಉಳಿದ ವಾಷರಿನ ಡಬ್ಬದ ಚೀಟಿಯನ್ನು ನಾನು ಕೆರೆಯತೊಡಗಿದಾಗ ಅಪ್ಪ ತಡೆದರು.

"ಇರ್ಲಿ ಬಿಡವ್ವ. ಕಾಗದದ ಅಂಚು ಕೈಗ್ ಸಿಗತ್ತೆ. ನೀನ್ ಬರ್ದಿದ್ದು ಅಂತ ಗೊತ್ತಾಗತ್ತೆ."

ಶೆಡ್ಡು ಮೊದಲಿನಂತಾಯಿತು, ಕೆಲಸ ಮಾತ್ರ ಬರಲಿಲ್ಲ. ಅಮ್ಮ ಅವರಿವರ ಮನೆಗೆ ನೂಲು ಸುತ್ತಿಕೊಡತೊಡಗಿದಳು. ಅಪ್ಪ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗಿ, ಎರಡನೇ ಸರಳನ್ನೊಮ್ಮೆ ಮುಟ್ಟಿ, ಆ ಸದ್ದು ಕೇಳಿ, ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಹೈಸ್ಕೂಲು ಮುಗಿಸುವಷ್ಟರಲ್ಲಿ ಅವರಿಗೆ ಬೆಳಕು, ಕತ್ತಲೆ ಎರಡೂ ಒಂದೇ ಆಗಿದ್ದವು.

ಹೋದ ವರ್ಷ ಅಪ್ಪ ತೀರಿಕೊಂಡರು. ಶೆಡ್ಡು ಖಾಲಿ ಮಾಡಿದೆವು. ಈಗಿನ ಮಗ್ಗಗಳಲ್ಲಿ ಲಾಳಿಯೇ ಇಲ್ಲವಂತೆ, ನಮ್ಮ ಸಾಮಾನು ಯಾರಿಗೂ ಬೇಕಿರಲಿಲ್ಲ. ಗುಜರಿಯವನ ಗಾಡಿಯಿಂದ ಎರಡೇ ವಸ್ತು ಉಳಿಸಿಕೊಂಡೆ. ಒಂದು ವಾಷರಿನ ಡಬ್ಬ. ಅದರ ಚೀಟಿಯಲ್ಲಿ ನನ್ನ ಗುಂಡಕ್ಷರ ಒಂದೂ ಉಳಿದಿಲ್ಲ, ಅಪ್ಪನ ಹೆಬ್ಬೆರಳು ಆಡಿ ಆಡಿ ಕಾಗದ ನುಣ್ಣಗಾಗಿದೆ. ಇನ್ನೊಂದು ಹದಿನಾಲ್ಕರ ಸ್ಪ್ಯಾನರು.

ನಾವೀಗ ಬೂದಿಗೆರೆ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದೇವೆ, ಅಮ್ಮನೂ ಜೊತೆಗಿದ್ದಾಳೆ. ಇಲ್ಲಿನ ಕಿಟಕಿಗಳು ಜಾರುವ ಗಾಜಿನವು, ಸರಳುಗಳಿಲ್ಲ. ಸ್ಪ್ಯಾನರನ್ನು ಅಡುಗೆಮನೆಯ ಡ್ರಾಯರಿನಲ್ಲಿಟ್ಟೆ, ಅಟ್ಟದ ಮೇಲಿಟ್ಟೆ, ಚಪ್ಪಲಿ ಸ್ಟ್ಯಾಂಡಿನ ಮೇಲೂ ಇಟ್ಟು ನೋಡಿದೆ. ಮನಸ್ಸು ಒಪ್ಪಲಿಲ್ಲ. ಈ ಸಲದ ಆಯುಧಪೂಜೆಗೆ ಒರೆಸಿ, ಕುಂಕುಮ ಇಟ್ಟೆ. ಮಾರನೆಯ ದಿನ ಎತ್ತಿಡಲು ಕೈಗೆತ್ತಿಕೊಂಡವಳು ಬಹಳ ಹೊತ್ತು ಹಾಲ್‌ನ ಮಧ್ಯೆ ನಿಂತೇ ಇದ್ದೆ.

ಇದೆಲ್ಲಿಡ್ಲಪ್ಪ?